ಹೆಲ್ಪ್ ಬರೆಯುವ ಸಾಫ್ಟ್‌ವೇರ್‌ನಲ್ಲಿ ಫೈಲ್ ಸೇವ್ ಆಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಫ್ಟ್‌ವೇರ್ ಒಂದರ 'ಸಹಾಯ' ಗುಂಡಿ ಒತ್ತಿದರೆ ತೆರೆಯುವ ಪುಟಗಳನ್ನು ಯಾರೋ ಕುಳಿತು ಬರೆದಿರುತ್ತಾರೆ. ಆ ಕೆಲಸಕ್ಕೆಂದೇ ಮ್ಯಾಡ್‌ಕ್ಯಾಪ್ ಫ್ಲೇರ್, ಅಡೋಬಿ ರೋಬೋಹೆಲ್ಪ್, ಹೆಲ್ಪ್‌ಎನ್‌ಡಾಕ್, ಹೆಲ್ಪ್ ಪ್ಲಸ್ ಮ್ಯಾನ್ಯುವಲ್ ಥರದ ಸಾಫ್ಟ್‌ವೇರ್‌ಗಳಿವೆ. ಹೆಚ್ಚಿನವು ವಿಂಡೋಸ್‌ನಲ್ಲಿ ನಡೆಯುತ್ತವೆ. ಹಾಗಾಗಿ ಇಲ್ಲಿರುವ ಉತ್ತರಗಳೂ ವಿಂಡೋಸ್‌ಗೆ ಸೇರಿದವು. ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್ ಆಗಿ ಕೆಲಸ ಮಾಡುವಾಗ ಹೊಸಬರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು.

ಸೇವ್ ಒತ್ತಿದೆ, ಎರರ್ ಬಂತು. ಮೊದಲು ಏನು ಮಾಡಲಿ?

ಸಾಫ್ಟ್‌ವೇರ್ ಮುಚ್ಚಬೇಡಿ. ಉಳಿದದ್ದೆಲ್ಲ ಆಮೇಲೆ.

ನೀವು ಬರೆದದ್ದು ಇನ್ನೂ ಮೆಮೊರಿಯಲ್ಲಿದೆ, ಪರದೆಯ ಮೇಲೆ ಕಾಣುತ್ತಿದೆ. ಮುಚ್ಚಿದ ಕ್ಷಣ ಅದು ಹೋಗುತ್ತದೆ. ಎರರ್ ಕಿಟಕಿಯ ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಬಳಿಕ ಈಗ ತೆರೆದಿರುವ ಟಾಪಿಕ್‌ನ (ಹೆಲ್ಪ್‌ನ ಒಂದು ಪುಟದ) ಬರಹವನ್ನೆಲ್ಲ ಆಯ್ದು, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿ ಡೆಸ್ಕ್‌ಟಾಪ್ ಬಿಟ್ಟು ಬೇರೆ ಕಡೆ ಸೇವ್ ಮಾಡಿ. ಡೆಸ್ಕ್‌ಟಾಪ್ ಯಾಕೆ ಬೇಡ ಎಂಬುದು ಮುಂದೆ ಗೊತ್ತಾಗುತ್ತದೆ. ಟೇಬಲ್, ಚಿತ್ರ, ಲಿಂಕ್ ಹೋಗಬಹುದು. ಪರವಾಗಿಲ್ಲ, ಮಾತುಗಳು ಉಳಿಯುತ್ತವೆ. ಅವನ್ನು ಮತ್ತೆ ಹೊಂದಿಸಬಹುದು, ಮತ್ತೆ ಬರೆಯುವುದು ಕಷ್ಟ.

ಇದಾದ ಮೇಲೆ 'ಸೇವ್ ಆ್ಯಸ್' ಇದ್ದರೆ ಡಿ ಡ್ರೈವ್‌ನಲ್ಲಿ ಚಿಕ್ಕ ಹೆಸರಿನ ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಸೇವ್ ಮಾಡಿ ನೋಡಿ. ಅಲ್ಲಿ ಸೇವ್ ಆಯಿತು ಅಂದರೆ ಸಾಫ್ಟ್‌ವೇರ್ ಬಹುತೇಕ ಸರಿಯಿದೆ, ತೊಂದರೆ ಹಳೆಯ ಜಾಗದಲ್ಲಿದೆ. ಅರ್ಧ ಹುಡುಕಾಟ ಅಲ್ಲಿಗೇ ಮುಗಿಯಿತು.

ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರರ್ ನೋಡಿ ಗಾಬರಿಯಾಗಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ದೆ. ಮಧ್ಯಾಹ್ನದಿಂದ ಬರೆದ ಇನ್‌ಸ್ಟಾಲೇಷನ್ ಅಧ್ಯಾಯ ಪೂರ್ತಿ ಹೋಯಿತು. ರೀಸ್ಟಾರ್ಟ್‌ನಿಂದ ಎರರ್ ಹೋಗುವುದು ನಿಜ. ಅದರ ಜೊತೆ ಬರಹವೂ ಹೋಗುತ್ತದೆ.

ನಿನ್ನೆವರೆಗೂ ಸೇವ್ ಆಗುತ್ತಿತ್ತು. ನಾನೇನೂ ಬದಲಿಸಿಲ್ಲ. ಇವತ್ತು ಯಾಕೆ ಆಗಲ್ಲ?

ಇದಕ್ಕೆ ಉತ್ತರ ಬೇಕಾದರೆ ಸೇವ್ ಒತ್ತಿದಾಗ ಒಳಗೆ ಏನಾಗುತ್ತದೆ ಅಂತ ತಿಳಿಯಬೇಕು. ಹೆಚ್ಚಿನ ಸಾಫ್ಟ್‌ವೇರ್‌ಗಳು ಹಳೆಯ ಫೈಲ್‌ನ ಮೇಲೆ ನೇರವಾಗಿ ಬರೆಯುವುದಿಲ್ಲ. ಪಕ್ಕದಲ್ಲಿ ಒಂದು ತಾತ್ಕಾಲಿಕ ಫೈಲ್ ಮಾಡಿ ಎಲ್ಲವನ್ನೂ ಅದರಲ್ಲಿ ಬರೆಯುತ್ತವೆ. ಬರೆದು ಮುಗಿದ ಮೇಲೆ ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯದರ ಹೆಸರು ಇಡುತ್ತವೆ. ನಡುವೆ ಕರೆಂಟ್ ಹೋದರೂ ಒಂದು ಪ್ರತಿ ಉಳಿಯಲಿ ಎಂದು ಹೀಗೆ ಮಾಡುತ್ತಾರೆ. ಒಳ್ಳೆಯ ಪದ್ಧತಿ.

ಆದರೆ ಹೊಸ ಫೈಲ್ ಹುಟ್ಟಿದ ಕೂಡಲೇ ಆಂಟಿವೈರಸ್ ಅದನ್ನು ಪರೀಕ್ಷೆ ಮಾಡಲು ತೆರೆಯುತ್ತದೆ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಅದನ್ನು ಅಪ್‌ಲೋಡ್ ಮಾಡಲು ತೆರೆಯುತ್ತದೆ. ಸರಿಯಾಗಿ ಅದೇ ಗಳಿಗೆಯಲ್ಲಿ ನಿಮ್ಮ ಸಾಫ್ಟ್‌ವೇರ್ ಹೆಸರು ಬದಲಿಸಲು ಹೋದರೆ ವಿಂಡೋಸ್ ಬಿಡುವುದಿಲ್ಲ. ಎರರ್ ಬರುತ್ತದೆ. ಎರಡು ಸೆಕೆಂಡ್ ಬಿಟ್ಟು ಒತ್ತಿದರೆ ಸೇವ್ ಆಗುತ್ತದೆ. ಹತ್ತು ಸಲದಲ್ಲಿ ಒಮ್ಮೆ ಬರುವ ಎರರ್‌ಗೆ ಹೆಚ್ಚಾಗಿ ಇದೇ ಕಾರಣ. ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ '.ಟಿಎಂಪಿ' ಎಂದು ಕೊನೆಯಾಗುವ ಫೈಲ್‌ಗಳು ಉಳಿದಿದ್ದರೆ ಸೇವ್ ಅರ್ಧಕ್ಕೆ ನಿಂತಿದ್ದಕ್ಕೆ ಅವೇ ಸಾಕ್ಷಿ. ಅವನ್ನು ತಕ್ಷಣ ಅಳಿಸಬೇಡಿ. ಇತ್ತೀಚಿನ ಬರಹ ಅದರೊಳಗೇ ಇರಬಹುದು.

'ಫೈಲ್ ಅನ್ನು ಬೇರೆ ಪ್ರೋಗ್ರಾಂ ಬಳಸುತ್ತಿದೆ' ಅನ್ನುತ್ತದೆ. ಯಾವ ಪ್ರೋಗ್ರಾಂ ಅಂತ ಹೇಗೆ ಪತ್ತೆ ಮಾಡೋದು?

ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆರೆಯಿರಿ. ಸಿಪಿಯು ಟ್ಯಾಬ್‌ನಲ್ಲಿ 'ಅಸೋಸಿಯೇಟೆಡ್ ಹ್ಯಾಂಡಲ್ಸ್' ಎಂಬ ಜಾಗವಿದೆ. ಅಲ್ಲಿ ಫೈಲ್‌ನ ಹೆಸರು ಹಾಕಿ ಹುಡುಕಿದರೆ ಅದನ್ನು ಹಿಡಿದುಕೊಂಡಿರುವ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ಹಾಕಿಕೊಂಡಿದ್ದರೆ ಇನ್ನೂ ಸುಲಭ. 2022ರಲ್ಲಿ ಅದಕ್ಕೆ ಫೈಲ್ ಲಾಕ್‌ಸ್ಮಿತ್ ಎಂಬ ಸಾಧನ ಸೇರಿತು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಾಕು.

ಹೆಚ್ಚಾಗಿ ಸಿಕ್ಕಿಬೀಳುವವರು ಇವರು: ಫೈಲ್ ಎಕ್ಸ್‌ಪ್ಲೋರರ್‌ನ ಪ್ರಿವ್ಯೂ ಕಿಟಕಿ, ಅದೇ ಸಾಫ್ಟ್‌ವೇರ್‌ನ ಮುಚ್ಚಿಹೋಗದ ಇನ್ನೊಂದು ಪ್ರತಿ, ಹಿನ್ನೆಲೆಯಲ್ಲಿ ಕಾಣದೆ ಓಡುತ್ತಿರುವ ವರ್ಡ್. ಕೈಪಿಡಿಯನ್ನು ವರ್ಡ್ ಫೈಲ್ ಆಗಿ ಹೊರತೆಗೆಯುವಾಗ ಕೆಲವು ಸಾಫ್ಟ್‌ವೇರ್‌ಗಳು ವರ್ಡ್ ಅನ್ನು ಮರೆಯಲ್ಲಿ ತೆರೆಯುತ್ತವೆ. ನಡುವೆ ಏನಾದರೂ ಕೆಟ್ಟರೆ ಅದು ಹಾಗೇ ಉಳಿದುಬಿಡುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿ ನಿಲ್ಲಿಸಿ. ಅದಕ್ಕೂ ಮುಂಚೆ ನಿಮ್ಮದೇ ಬೇರೆ ವರ್ಡ್ ಫೈಲ್‌ಗಳನ್ನು ಸೇವ್ ಮಾಡಿಕೊಳ್ಳಿ.

ಸಿಎಚ್‌ಎಂ ಫೈಲ್ ಮಾಡುವಾಗ 'ಎಚ್‌ಎಚ್‌ಸಿ5010' ಎಂಬ ಎರರ್ ಬರುತ್ತದೆ.

ಸಿಎಚ್‌ಎಂ ಅಂದರೆ ಹೆಲ್ಪ್ ಪುಟಗಳನ್ನೆಲ್ಲ ಒಂದೇ ಫೈಲ್ ಆಗಿ ಕಟ್ಟಿದ (ಕಂಪೈಲ್ ಮಾಡಿದ) ವಿಂಡೋಸ್‌ನ ಹಳೆಯ ರೂಪ. ಹಳೆಯ ಸಿಎಚ್‌ಎಂ ಫೈಲ್ ನಿಮ್ಮ ಪರದೆಯ ಮೇಲೆ ಎಲ್ಲೋ ತೆರೆದಿದೆ. ಹೋದ ಸಲ ಹೇಗೆ ಬಂದಿದೆ ಅಂತ ನೋಡಿರುತ್ತೀರಿ, ಮುಚ್ಚಿರುವುದಿಲ್ಲ. ಆ ಕಿಟಕಿ ಮುಚ್ಚಿ ಮತ್ತೆ ಕಂಪೈಲ್ ಮಾಡಿ.

ಪಿಡಿಎಫ್‌ಗೂ ಹೀಗೇನಾ?

ಹೌದು. ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆದಿದ್ದರೆ ಅದೇ ಹೆಸರಿನ ಪಿಡಿಎಫ್ ಮೇಲೆ ಬರೆಯಲು ಆಗುವುದಿಲ್ಲ. ಪರೀಕ್ಷೆ ಮಾಡುವಾಗ ಬ್ರೌಸರ್‌ನಲ್ಲಿ ತೆರೆಯುವ ಅಭ್ಯಾಸ ಮಾಡಿಕೊಂಡರೆ ಸಾಮಾನ್ಯವಾಗಿ ಈ ಕಿರಿಕಿರಿ ಇರದು.

'ಆಕ್ಸೆಸ್ ಡಿನೈಡ್' ಬರುತ್ತದೆ. ಕಂಪ್ಯೂಟರ್ ನನ್ನದೇ, ಅಡ್ಮಿನ್ ಕೂಡ ನಾನೇ. ಆದರೂ ಯಾಕೆ?

ಪ್ರಾಜೆಕ್ಟ್ ಎಲ್ಲಿದೆ ನೋಡಿ. 'ಪ್ರೋಗ್ರಾಂ ಫೈಲ್ಸ್' ಒಳಗಿದ್ದರೆ ಕಾರಣ ಅದೇ. ವಿಂಡೋಸ್ ವಿಸ್ತಾ ಬಂದಾಗಿನಿಂದ ಅಡ್ಮಿನ್ ಖಾತೆಯಲ್ಲಿದ್ದರೂ ಸಾಮಾನ್ಯ ಪ್ರೋಗ್ರಾಂಗಳು ಅಲ್ಲಿ ನೇರವಾಗಿ ಬರೆಯುವಂತಿಲ್ಲ. ಸಾಫ್ಟ್‌ವೇರ್ ಜೊತೆ ಬಂದ ಮಾದರಿ ಪ್ರಾಜೆಕ್ಟ್ ಅನ್ನು ಅಲ್ಲೇ ತೆರೆದು ತಿದ್ದಲು ಹೋದವರಿಗೆ ಇದು ಆಗುತ್ತದೆ. ಅದನ್ನು ನಿಮ್ಮ ಫೋಲ್ಡರ್‌ಗೆ ನಕಲು ಮಾಡಿಕೊಂಡು ಕೆಲಸ ಶುರು ಮಾಡಿ.

ಎರಡನೆಯದು, ಫೈಲ್‌ನ ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಗುರುತು ಇದೆಯೇ ನೋಡಿ. ಸೋರ್ಸ್ ಕಂಟ್ರೋಲ್ (ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ವ್ಯವಸ್ಥೆ) ಬಳಸುವ ಕಚೇರಿಗಳಲ್ಲಿ ಈ ಗುರುತಿಗೆ ಅರ್ಥವಿದೆ. ಪರ್‌ಫೋರ್ಸ್‌ನಂಥ ವ್ಯವಸ್ಥೆಯಲ್ಲಿ ಫೈಲ್ ಅನ್ನು ಚೆಕ್ ಔಟ್ ಮಾಡುವ, ಅಂದರೆ ತಿದ್ದಲು ತೆಗೆದುಕೊಳ್ಳುವ ತನಕ ಅದು ಓದಲು ಮಾತ್ರ. ಅಲ್ಲಿ ಕೈಯಾರೆ ಗುರುತು ತೆಗೆದರೆ ಸೇವ್ ಆಗುತ್ತದೆ, ಆದರೆ ನಿಮ್ಮ ತಿದ್ದುಪಡಿ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಹಾಗೆ ಮಾಡಬೇಡಿ, ಚೆಕ್ ಔಟ್ ಮಾಡಿ.

ಮೂರನೆಯದು ಬಹಳ ಜನರಿಗೆ ಹೊಳೆಯುವುದಿಲ್ಲ. ಮೇಲ್‌ನಲ್ಲಿ ಬಂದ ಜಿಪ್ ಅನ್ನು ಬಿಚ್ಚದೆ, ಅದರೊಳಗಿಂದಲೇ ಪ್ರಾಜೆಕ್ಟ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿರುತ್ತಾರೆ. ಆಗ ತೆರೆಯುವುದು ತಾತ್ಕಾಲಿಕ ಫೈಲ್‌ಗಳನ್ನಿಡುವ ಟೆಂಪ್ ಫೋಲ್ಡರ್‌ನಲ್ಲಿರುವ ಒಂದು ನಕಲು. ಮೊದಲು ಜಿಪ್ ಪೂರ್ತಿ ಬಿಚ್ಚಿ.

ಹಾಗಾದರೆ ಯಾವಾಗಲೂ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮಾಡಿಬಿಡಲಾ?

ಬೇಡ. ಹಾಗೆ ತೆರೆದಾಗ ಕಚೇರಿಯ ನೆಟ್‌ವರ್ಕ್ ಡ್ರೈವ್‌ಗಳು ಹೆಚ್ಚಾಗಿ ಕಾಣುವುದೇ ಇಲ್ಲ. ಒಂದು ತೊಂದರೆ ಮುಚ್ಚಲು ಇನ್ನೊಂದನ್ನು ತಂದುಕೊಂಡ ಹಾಗಾಗುತ್ತದೆ.

ಹೊಸ ಫೈಲ್ ಸೇವ್ ಮಾಡಲು ಹೋದರೆ 'ಫೈಲ್ ಸಿಗಲಿಲ್ಲ' ಅನ್ನುತ್ತದೆ! ಇನ್ನೂ ಹುಟ್ಟದ ಫೈಲ್ ಸಿಗೋದು ಹೇಗೆ?

ವಿಂಡೋಸ್ ಸೆಕ್ಯುರಿಟಿಯ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಚಾಲೂ ಇದೆಯೇ ನೋಡಿ. ಒತ್ತೆಹಣ ಕೇಳುವ ರ‍್ಯಾನ್ಸಮ್‌ವೇರ್ ತಡೆಯಲು 2017ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಸೌಲಭ್ಯ ಇದು. ಚಾಲೂ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳಲ್ಲಿ ಪರಿಚಯವಿಲ್ಲದ ಪ್ರೋಗ್ರಾಂ ಬರೆಯದಂತೆ ತಡೆಯುತ್ತದೆ. ವರ್ಡ್ ಅದಕ್ಕೆ ಪರಿಚಿತ. ಕಡಿಮೆ ಜನ ಬಳಸುವ ಹೆಲ್ಪ್ ಸಾಫ್ಟ್‌ವೇರ್ ಹಾಗಲ್ಲ. ತಡೆದದ್ದು ಯಾರು ಎಂಬುದು ನಿಮ್ಮ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ, ಹಾಗಾಗಿ ಅರ್ಥವಿಲ್ಲದ ಸಂದೇಶ ತೋರಿಸುತ್ತದೆ.

ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ರಕ್ಷಣೆಯ ಪುಟದಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್‌ಗೆ ಹೋಗಿ. ತಡೆದದ್ದರ ಇತಿಹಾಸ ಅಲ್ಲೇ ಸಿಗುತ್ತದೆ. ನಿಮ್ಮ ಸಾಫ್ಟ್‌ವೇರ್ ಅನ್ನು ಅನುಮತಿ ಪಟ್ಟಿಗೆ ಸೇರಿಸಿ. ರಕ್ಷಣೆಯನ್ನೇ ಆರಿಸಬೇಡಿ. ಕಚೇರಿಯ ಕಂಪ್ಯೂಟರ್ ಆದರೆ ಐಟಿಯವರನ್ನೇ ಕೇಳಬೇಕಾಗುತ್ತದೆ.

ಪ್ರಾಜೆಕ್ಟ್ ಒನ್‌ಡ್ರೈವ್‌ನಲ್ಲಿದೆ. ತೊಂದರೆಯಾ?

ಹೌದು, ಮತ್ತು ತಮ್ಮ ಪ್ರಾಜೆಕ್ಟ್ ಅಲ್ಲಿದೆ ಅಂತಲೇ ಅನೇಕರಿಗೆ ಗೊತ್ತಿರುವುದಿಲ್ಲ. ಬ್ಯಾಕಪ್ ಚಾಲೂ ಮಾಡಿದರೆ ಒನ್‌ಡ್ರೈವ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಡೆಸ್ಕ್‌ಟಾಪ್ ಬೇಡ ಎಂದು ಮೇಲೆ ಹೇಳಿದ್ದು ಇದಕ್ಕೇ.

ಫ್ಲೇರ್‌ನ ಪ್ರಾಜೆಕ್ಟ್ ಅಂದರೆ ನೂರಾರು ಸಣ್ಣ ಫೈಲ್‌ಗಳು. ಒಂದೊಂದು ಟಾಪಿಕ್ ಒಂದೊಂದು ಫೈಲ್. ಪಬ್ಲಿಶ್ ಮಾಡಿದಾಗ, ಅಂದರೆ ಓದುಗರಿಗೆ ಕೊಡುವ ಹೆಲ್ಪ್ ಅನ್ನು ಹೊರತೆಗೆದಾಗ, ಔಟ್‌ಪುಟ್ ಫೋಲ್ಡರ್‌ನಲ್ಲಿ ಅಷ್ಟೂ ಅಳಿದು ಮತ್ತೆ ಹುಟ್ಟುತ್ತವೆ. ಒನ್‌ಡ್ರೈವ್ ಅದರ ಹಿಂದೆ ಓಡುತ್ತಿರುತ್ತದೆ. ಇಬ್ಬರೂ ಒಂದೇ ಫೈಲ್ ಮುಟ್ಟಿದಾಗ ಎರರ್. ಕೆಲವೊಮ್ಮೆ ಫೈಲ್ ಹೆಸರಿನ ಕೊನೆಗೆ ನಿಮ್ಮ ಕಂಪ್ಯೂಟರ್‌ನ ಹೆಸರು ಸೇರಿದ ಎರಡನೇ ಪ್ರತಿ ಕಾಣುತ್ತದೆ. ಒನ್‌ಡ್ರೈವ್‌ಗೆ ಎರಡು ಬೇರೆ ಬೇರೆ ಬರಹ ಸಿಕ್ಕಿ, ಯಾವುದನ್ನು ಇಡಬೇಕೆಂದು ತಿಳಿಯದೆ ಎರಡನ್ನೂ ಇಟ್ಟಿರುತ್ತದೆ. ಎರಡನ್ನೂ ತೆರೆದು ಓದಿ, ಆಮೇಲೆ ಒಂದನ್ನು ತೆಗೆಯಿರಿ.

ನನ್ನ ಸಲಹೆ ಇಷ್ಟೇ. ಕೆಲಸದ ಪ್ರಾಜೆಕ್ಟ್ ಡಿ ಡ್ರೈವ್‌ನಲ್ಲಿರಲಿ. ಸಂಜೆ ಅದರ ಜಿಪ್ ಒಂದನ್ನು ಒನ್‌ಡ್ರೈವ್‌ಗೆ ಹಾಕಿ. ಅಲ್ಲೇ ಇಡಲೇಬೇಕು ಅಂದರೆ ಕೆಲಸ ಮಾಡುವ ಹೊತ್ತು ಸಿಂಕ್ ನಿಲ್ಲಿಸಿ. ಫೋಲ್ಡರ್‌ಗೆ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಗುರುತನ್ನೂ ಹಾಕಿ.

'ಪಾತ್ ಟೂ ಲಾಂಗ್' ಅಂದರೇನು? ನನ್ನ ಫೈಲ್ ಹೆಸರು ಚಿಕ್ಕದೇ ಇದೆ.

ಲೆಕ್ಕಕ್ಕೆ ಬರುವುದು ಫೈಲ್‌ನ ಹೆಸರೊಂದೇ ಅಲ್ಲ, ಡ್ರೈವ್‌ನಿಂದ ಹಿಡಿದು ಪೂರ್ತಿ ದಾರಿ. ವಿಂಡೋಸ್‌ನ ಹಳೆಯ ಮಿತಿ 260 ಅಕ್ಷರ. ಕೊನೆಯಲ್ಲಿ ಕಾಣದ ಒಂದು ಗುರುತು ಸೇರುವುದರಿಂದ ನಮಗೆ ಸಿಗುವುದು 259. ಒನ್‌ಡ್ರೈವ್ ಮತ್ತು ಕಂಪನಿಯ ಹೆಸರು, ಗ್ರಾಹಕರ ಹೆಸರು, ಆವೃತ್ತಿ, 'ಫೈನಲ್', 'ಫೈನಲ್ ಹೊಸದು' ಅಂತ ಫೋಲ್ಡರ್ ಒಳಗೆ ಫೋಲ್ಡರ್ ಇಟ್ಟರೆ ಅದು ಬೇಗ ತುಂಬುತ್ತದೆ.

ಪ್ರಾಜೆಕ್ಟ್ ಸೇವ್ ಆಗಿ, ಪಬ್ಲಿಶ್ ಮಾಡುವಾಗ ಮಾತ್ರ ಎರರ್ ಬಂದರೆ ಇದರ ಮೇಲೆ ಅನುಮಾನ ಪಡಿ. ಫ್ಲೇರ್ ತನ್ನ ಔಟ್‌ಪುಟ್ ಅನ್ನು ಬಳಕೆದಾರರ ಹೆಸರು, ಟಾರ್ಗೆಟ್‌ನ (ಯಾವ ರೂಪದ ಔಟ್‌ಪುಟ್ ಎಂಬುದರ) ಹೆಸರು ಎಲ್ಲ ಸೇರಿಸಿದ ಒಳಫೋಲ್ಡರ್‌ಗಳಲ್ಲಿ ಇಡುತ್ತದೆ. ಮೂಲ ಫೈಲ್ 230ರಲ್ಲಿ ನಿಂತರೂ ಔಟ್‌ಪುಟ್ 260 ದಾಟಬಹುದು.

ಇಲ್ಲಿ ಕನ್ನಡದವರಿಗೆ ಒಂದು ವಿಶೇಷ ಕಷ್ಟವಿದೆ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡಕ್ಷರ. ಕಂಪ್ಯೂಟರ್‌ಗೆ ಅದು ಏಳು: ಲ, ಕ, ಹಲಂತ, ಷ, ಹಲಂತ, ಮ, ಇಕಾರದ ಗುಡಿಸು. ಒತ್ತಕ್ಷರ ಜಾಸ್ತಿ ಇದ್ದಷ್ಟೂ ದಾರಿ ಬೇಗ ತುಂಬುತ್ತದೆ.

ಪರಿಹಾರ: ಪ್ರಾಜೆಕ್ಟ್ ಅನ್ನು ಡ್ರೈವ್‌ನ ಬುಡಕ್ಕೆ ತನ್ನಿ. ತರಲು ಆಗದಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಸಬ್‌ಸ್ಟ್' ಎಂಬ ಆಜ್ಞೆ ಇದೆ. ಎಸ್, ಯು, ಬಿ, ಎಸ್, ಟಿ ಎಂದು ಬರೆಯಬೇಕು. ಉದ್ದದ ಫೋಲ್ಡರ್‌ಗೆ ಒಂದು ಡ್ರೈವ್ ಅಕ್ಷರ ಕೊಟ್ಟು ದಾರಿಯನ್ನು ಚಿಕ್ಕದಾಗಿಸುತ್ತದೆ. ವಿಂಡೋಸ್ 10ರ 1607 ಆವೃತ್ತಿಯಿಂದ ಈ ಮಿತಿಯನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಲ್ಲಿ) ಸಡಿಲಿಸಬಹುದು. ಆದರೆ ನಿಮ್ಮ ಸಾಫ್ಟ್‌ವೇರ್ ಕೂಡ ಉದ್ದ ದಾರಿಗೆ ಸಿದ್ಧ ಎಂದು ಹೇಳಿಕೊಂಡಿರಬೇಕು. ಹಳೆಯವು ಹೇಳಿಕೊಂಡಿರುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಫೈಲ್‌ಗೆ ಕನ್ನಡದಲ್ಲಿ ಹೆಸರಿಡಬಹುದಾ?

ಒಳಗಿನ ಬರಹ ಕನ್ನಡದಲ್ಲಿರಲಿ, ಟಾಪಿಕ್‌ನ ಶೀರ್ಷಿಕೆಯೂ ಕನ್ನಡದಲ್ಲೇ ಇರಲಿ. ಫೈಲ್‌ನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಇರಲಿ. ಕನ್ನಡದ ಮೇಲಿನ ಪ್ರೀತಿಗೆ ಇದು ಅಡ್ಡಿಯಲ್ಲ. ಓದುಗರಿಗೆ ಕಾಣುವುದು ಶೀರ್ಷಿಕೆ ತಾನೇ?

ಕಾರಣ ಹೇಳುತ್ತೇನೆ. ನಮ್ಮ ಕೀಬೋರ್ಡ್‌ಗಳು ಕೆಲವೊಮ್ಮೆ ಕಣ್ಣಿಗೆ ಕಾಣದ ಗುರುತುಗಳನ್ನು ಸೇರಿಸುತ್ತವೆ. 'ಪ್ರಿಂಟರ್' ಎಂಬ ಪದದ ಕೊನೆಯಲ್ಲಿ ಅಂಥ ಗುರುತು ಇರಬಹುದು, ಇಲ್ಲದಿರಬಹುದು. ನೋಡಲು ಎರಡೂ ಒಂದೇ. ವಿಂಡೋಸ್‌ಗೆ ಎರಡು ಬೇರೆ ಫೈಲ್. ಲಿಂಕ್ ಒಂದಕ್ಕೆ ಹೋಗುತ್ತದೆ, ನೀವು ತಿದ್ದಿದ್ದು ಇನ್ನೊಂದು. ಆಗ 'ಸೇವ್ ಮಾಡಿದರೂ ಬದಲಾವಣೆ ಕಾಣ್ತಿಲ್ಲ' ಅನ್ನಿಸುತ್ತದೆ. ಹಾಗೆಯೇ 'ಕೋ'ದಲ್ಲಿರುವ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಮ್ಯಾಕ್‌ನಿಂದ ಬಂದ ಫೈಲ್‌ಗಳಲ್ಲಿ ಬಿಡಿಸಿದ ರೂಪ ಇರುವುದುಂಟು.

ಇನ್ನೊಂದು ವಿಷಯ. ಕಚೇರಿಯ ಸರ್ವರ್ ಲಿನಕ್ಸ್ ಆಗಿದ್ದರೆ ಅಲ್ಲಿನ ಒಂದು ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಯುನಿಕೋಡ್ ಬರಹವನ್ನು ಸೇವ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ 85 ಸಂಕೇತ ಮಾತ್ರ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸೇವ್ ಆದ ಉದ್ದ ಹೆಸರು ಸರ್ವರ್‌ನಲ್ಲಿ ಆಗದಿರಲು ಇದು ಕಾರಣ.

ವಿಂಡೋಸ್ ಬಳಕೆದಾರರ ಹೆಸರನ್ನೇ ಕನ್ನಡದಲ್ಲಿ ಇಟ್ಟುಕೊಂಡವರು ಟೆಂಪ್ ಫೋಲ್ಡರ್‌ನ ದಾರಿಯಲ್ಲೂ ಕನ್ನಡ ಬರುತ್ತದೆ ಎಂಬುದನ್ನು ನೆನಪಿಡಿ. ಹಳೆಯ ಕಂಪೈಲರ್‌ಗಳು ಅಲ್ಲಿ ಮುಗ್ಗರಿಸುತ್ತವೆ. ಎನ್ವಿರಾನ್ಮೆಂಟ್ ವೇರಿಯಬಲ್ಸ್‌ನಲ್ಲಿ ಟೆಂಪ್ ಅನ್ನು ಡ್ರೈವ್‌ನ ಬುಡದ ಚಿಕ್ಕ ಫೋಲ್ಡರ್‌ಗೆ ತಿರುಗಿಸಿ.

ಯಾವ ಭಾಷೆಯ ಹೆಸರಾದರೂ \ / : * ? " < > | ಗುರುತುಗಳು ಬೇಡ. 'ಸೇವ್ ಮಾಡುವುದು ಹೇಗೆ?' ಎಂಬ ಶೀರ್ಷಿಕೆಯಿಂದ ಫೈಲ್ ಹೆಸರು ಮಾಡಿದಾಗ ಆ ಪ್ರಶ್ನಾರ್ಥಕ ಚಿಹ್ನೆಯೇ ಎರರ್ ತರುತ್ತದೆ.

ಸೇವ್ ಆಯಿತು, ಆದರೆ ಮತ್ತೆ ತೆರೆದರೆ ಕನ್ನಡವೆಲ್ಲ ????? ಆಗಿದೆ.

ಇದು ನನಗೆ ಎಲ್ಲಕ್ಕಿಂತ ನೋವಿನ ಎರರ್, ಯಾಕೆಂದರೆ ಎರರ್ ಸಂದೇಶ ಬರುವುದೇ ಇಲ್ಲ. ಫೈಲ್ 'ಆನ್ಸಿ' ಎಂಬ ಹಳೆಯ ರೂಪದಲ್ಲಿ ಸೇವ್ ಆಗಿದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್ ಪೇಜ್ (ಅಕ್ಷರಗಳ ಸಂಕೇತ ಪಟ್ಟಿ) ಇಲ್ಲ. ಕನ್ನಡ ಇರುವುದು ಯುನಿಕೋಡ್‌ನಲ್ಲಿ ಮಾತ್ರ. ಹಾಗಾಗಿ ಪ್ರತಿ ಸಂಕೇತದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಒಮ್ಮೆ ಹೀಗೆ ಸೇವ್ ಆದರೆ ಆ ಫೈಲ್‌ನಿಂದ ಮೂಲ ಬರಹ ವಾಪಸ್ ಬರುವುದಿಲ್ಲ. ಹಳೆಯ ಬ್ಯಾಕಪ್ ಹುಡುಕಬೇಕು.

ಸಾಫ್ಟ್‌ವೇರ್‌ನ ಎನ್‌ಕೋಡಿಂಗ್ ಸೆಟ್ಟಿಂಗ್ ಯುಟಿಎಫ್-8 ಇರಲಿ. ನೋಟ್‌ಪ್ಯಾಡ್ ವಿಂಡೋಸ್ 10ರ 1903 ಆವೃತ್ತಿಯಿಂದ ತಾನಾಗಿಯೇ ಯುಟಿಎಫ್-8 ಬಳಸುತ್ತದೆ. ಅದಕ್ಕಿಂತ ಹಳೆಯದರಲ್ಲಿ ನೀವೇ ಆಯ್ಕೆ ಮಾಡಬೇಕು.

ಸಿಎಚ್‌ಎಂನಲ್ಲಿ ಟಾಪಿಕ್ ಪುಟ ಕನ್ನಡದಲ್ಲಿ ಚೆನ್ನಾಗಿ ಕಂಡು, ಎಡಗಡೆಯ ಪರಿವಿಡಿ ಮಾತ್ರ ????? ಆದರೆ ಅದಕ್ಕೆ ಸೇವ್ ಕಾರಣವಲ್ಲ. 1990ರ ದಶಕದ ಆ ವ್ಯವಸ್ಥೆಯ ಪರಿವಿಡಿ, ಸೂಚಿ ಎರಡೂ ಆನ್ಸಿಯನ್ನೇ ನಂಬಿವೆ. ಕನ್ನಡ ಹೆಲ್ಪ್‌ಗೆ ಸಿಎಚ್‌ಎಂ ಬಿಟ್ಟುಬಿಡಿ. ಎಚ್‌ಟಿಎಂಎಲ್5 ಅಥವಾ ಪಿಡಿಎಫ್ ಮಾಡಿ.

ಒಂದೇ ಪ್ರಾಜೆಕ್ಟ್ ಅನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿಟ್ಟು ಇಬ್ಬರು ಕೆಲಸ ಮಾಡಬಹುದಾ?

ಅದು ಯಾವ ಸಾಫ್ಟ್‌ವೇರ್ ಎಂಬುದರ ಮೇಲಿದೆ. ಹೆಲ್ಪ್‌ಎನ್‌ಡಾಕ್‌ನ ಪ್ರಾಜೆಕ್ಟ್ ಒಂದೇ ಫೈಲ್, ಒಳಗೆ ಎಸ್‌ಕ್ಯೂಲೈಟ್ ಡೇಟಾಬೇಸ್. ನೆಟ್‌ವರ್ಕ್ ಡ್ರೈವ್‌ನಲ್ಲಿ ಫೈಲ್ ಬೀಗ ಸರಿಯಾಗಿ ಕೆಲಸ ಮಾಡದಿರಬಹುದು ಎಂದು ಎಸ್‌ಕ್ಯೂಲೈಟ್ ಮಾಡಿದವರೇ ಎಚ್ಚರಿಸುತ್ತಾರೆ. ಅದನ್ನು ಲ್ಯಾಪ್‌ಟಾಪ್‌ನಲ್ಲೇ ಇಟ್ಟುಕೊಳ್ಳಿ. ಹೆಲ್ಪ್ ಪ್ಲಸ್ ಮ್ಯಾನ್ಯುವಲ್‌ನಲ್ಲಿ ಎರಡು ರೂಪಗಳಿವೆ: ಒಂದೇ ಫೈಲ್ ಆಗಿ ಒತ್ತಿದ 'ಎಚ್‌ಎಂಎಕ್ಸ್‌ಜಡ್', ಬಿಡಿ ಫೈಲ್‌ಗಳ 'ಎಚ್‌ಎಂಎಕ್ಸ್‌ಪಿ'. ಇಬ್ಬರು ಕೆಲಸ ಮಾಡಲು ಎರಡನೆಯದೇ ಬೇಕು. ಫ್ಲೇರ್ ಬಳಸುವವರು ಗಿಟ್‌ನಂಥ ಸೋರ್ಸ್ ಕಂಟ್ರೋಲ್ ಇಟ್ಟುಕೊಂಡು, ತಮ್ಮ ತಮ್ಮ ಯಂತ್ರದಲ್ಲಿ ಬರೆಯುವುದು ಒಳ್ಳೆಯದು.

ಸೇವ್ ನಡುವೆ ಕರೆಂಟ್ ಹೋಯಿತು. ಈಗ ಪ್ರಾಜೆಕ್ಟ್ ತೆರೆಯುತ್ತಲೇ ಇಲ್ಲ.

ಮೊದಲು ಇಡೀ ಫೋಲ್ಡರ್‌ನ ಒಂದು ನಕಲು ಮಾಡಿ. ಪ್ರಯೋಗವೆಲ್ಲ ನಕಲಿನ ಮೇಲೆ.

ಫ್ಲೇರ್‌ನಲ್ಲಿ ಹೆಚ್ಚಾಗಿ ಕೆಟ್ಟಿರುವುದು ಒಂದೇ ಟಾಪಿಕ್. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಕೊನೆಯ ಟ್ಯಾಗ್‌ಗಳು ಕತ್ತರಿಸಿ ಹೋಗಿರುವುದು ಕಾಣುತ್ತದೆ. ಸೇರಿಸಿ ಮುಚ್ಚಿ. ಎಚ್‌ಎಂಎಕ್ಸ್‌ಜಡ್ ಅಸಲಿಗೆ ಜಿಪ್. ನಕಲಿನ ಹೆಸರನ್ನು '.ಜಿಪ್' ಎಂದು ಬದಲಿಸಿ ತೆರೆದರೆ ಒಳಗಿನ ಟಾಪಿಕ್‌ಗಳನ್ನು ಒಂದೊಂದಾಗಿ ಹೊರತೆಗೆಯಬಹುದು. 2019ಕ್ಕೆ ಮುಂಚಿನ ರೋಬೋಹೆಲ್ಪ್‌ನಲ್ಲಿ 'ಸಿಪಿಡಿ' ಎಂದು ಕೊನೆಯಾಗುವ ಫೈಲ್ ಇರುತ್ತದೆ. ಅದರ ಹೆಸರು ಬದಲಿಸಿ ಪಕ್ಕಕ್ಕಿಟ್ಟರೆ, ಪ್ರಾಜೆಕ್ಟ್ ತೆರೆಯುವಾಗ ಸಾಫ್ಟ್‌ವೇರ್ ಅದನ್ನು ಹೊಸದಾಗಿ ಕಟ್ಟುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

'ಡಿಸ್ಕ್ ಫುಲ್' ಅನ್ನುತ್ತದೆ. ಡಿ ಡ್ರೈವ್‌ನಲ್ಲಿ ಬೇಕಾದಷ್ಟು ಜಾಗ ಇದೆ.

ಸಿ ಡ್ರೈವ್ ನೋಡಿ. ಟೆಂಪ್ ಫೋಲ್ಡರ್ ಇರುವುದು ಅಲ್ಲಿ.

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತಾ?

ಅಪರೂಪ. ಮೇಲಿನ ಕಾರಣಗಳು ಯಾವುವೂ ಅದರಿಂದ ಬದಲಾಗುವುದಿಲ್ಲ ಅಲ್ವಾ? ಸುಮ್ನೆ ಅರ್ಧ ದಿನ ಹೋಗುತ್ತದೆ. ಆದರೆ ಎರರ್ ಎಲ್ಲ ಪ್ರೋಗ್ರಾಂಗಳಲ್ಲೂ ಬರುತ್ತಿದ್ದರೆ ಬೇರೆ ಮಾತು. ಇವೆಂಟ್ ವ್ಯೂವರ್ ತೆರೆದು 'ಡಿಸ್ಕ್' ಮೂಲದ 7ನೇ ಸಂಖ್ಯೆಯ ದಾಖಲೆ ಇದೆಯೇ ನೋಡಿ. ಇದ್ದರೆ ಡಿಸ್ಕ್‌ನ ಒಂದು ಭಾಗ ಕೆಟ್ಟಿದೆ ಎಂದರ್ಥ. ಅವತ್ತು ಬರೆಯುವ ಕೆಲಸ ನಿಲ್ಲಿಸಿ, ಎಲ್ಲವನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡಿ.

ಏನು ಮಾಡಿದರೂ ಆಗಲಿಲ್ಲ. ಸಪೋರ್ಟ್‌ನವರಿಗೆ ಏನು ಕಳಿಸಲಿ?

'ಸೇವ್ ಆಗ್ತಿಲ್ಲ' ಎಂದಷ್ಟೇ ಬರೆದರೆ ಅವರು ಹತ್ತು ಪ್ರಶ್ನೆ ಕೇಳಿ ವಾಪಸ್ ಕಳಿಸುತ್ತಾರೆ. ಎರರ್‌ನ ಸ್ಕ್ರೀನ್‌ಶಾಟ್, ಸಾಫ್ಟ್‌ವೇರ್‌ನ ಪೂರ್ತಿ ಆವೃತ್ತಿ ಸಂಖ್ಯೆ, ವಿಂಡೋಸ್‌ನ ಆವೃತ್ತಿ, ಪ್ರಾಜೆಕ್ಟ್ ಇರುವ ಪೂರ್ತಿ ದಾರಿ, ಯಾವ ಆಂಟಿವೈರಸ್ ಎಂಬುದು ಬೇಕು. ಹೊಸ ಖಾಲಿ ಪ್ರಾಜೆಕ್ಟ್ ಅದೇ ಫೋಲ್ಡರ್‌ನಲ್ಲಿ ಸೇವ್ ಆಗುತ್ತದೆಯೇ, ಹಳೆಯ ಪ್ರಾಜೆಕ್ಟ್ ಬೇರೆ ಫೋಲ್ಡರ್‌ನಲ್ಲಿ ಸೇವ್ ಆಗುತ್ತದೆಯೇ ಎಂದು ಎರಡು ಸಾಲು ಬರೆಯಿರಿ. ಆ ಎರಡು ಸಾಲಿನಿಂದಲೇ ಅವರಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ. ಪ್ರಾಜೆಕ್ಟ್ ಕಳಿಸಲು ಕೇಳಿದರೆ ಮೊದಲು ನಿಮ್ಮ ಮ್ಯಾನೇಜರ್ ಒಪ್ಪಿಗೆ ಪಡೆಯಿರಿ. ಇನ್ನೂ ಬಿಡುಗಡೆಯಾಗದ ಸಾಫ್ಟ್‌ವೇರ್‌ನ ವಿವರ ಅದರಲ್ಲಿರುತ್ತದೆ.